ಮಗಳ ಎಂಜಲು

ಒಂದೂವರೆ ವರ್ಷವಾದರೂ ರೆಮಿಗೆ ದಿಂಬಿನ ಆಸರೆಯಿಲ್ಲದೆ ಕೂರಲು ಬಾರದು. ಕಿವಿ ಕೇಳಿಸಲೆಂದು ಯಂತ್ರ ಹಾಕಿದರೆ ಕಿತ್ತೆಸೆಯುತ್ತಾನೆ. ತಾಯಿ ಜಿನೆಟ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವಳು, ಕಾಲು ನೀವುವಳು, ಕುದಿಸಿದ ಚಮಚವನ್ನೇ ಇನ್ನೊಮ್ಮೆ ಕುದಿಸುವಳು, ಮತ್ತೆ ಬಂದು ಚಪ್ಪಾಳೆ.

ಡಾಕ್ಟರು ಬಿಡಿಸಿ ಹೇಳಿದ್ದರು. ಸಿಎಂವಿ ಅನ್ನುವ ವೈರಸ್ಸು ಪುಟ್ಟ ಮಕ್ಕಳ ಜೊಲ್ಲಿನಲ್ಲಿ ಸದ್ದಿಲ್ಲದೆ ಇರುತ್ತದೆ, ಆ ಮಕ್ಕಳು ಆಡಿಕೊಂಡೇ ಇರುತ್ತವೆ. ಬಸುರಿಯ ಮೈ ಹೊಕ್ಕರೆ ಮಾತ್ರ ಹೊಟ್ಟೆಯ ಕೂಸಿನ ಕಿವಿಗೂ ಮಿದುಳಿಗೂ ಪೆಟ್ಟು ಕೊಡಬಹುದು. ಬಸುರಿಯಾಗಿದ್ದಾಗ ಜಿನೆಟ್ ದಿನಾ ಮಾಡಿದ್ದಾದರೂ ಏನು? ಡೇಕೇರಿನಿಂದ ಬಂದ ಮಗಳು ಸೊಲಾಂಜ್ ಕಚ್ಚಿ ಬಿಟ್ಟ, ಪ್ಲೋಯ್ ಎನ್ನುವ ದೋಸೆಯನ್ನು ತಾನು ತಿಂದು ಮುಗಿಸಿದ್ದು. ಯಾವ ತಾಯಿ ತಿನ್ನುವುದಿಲ್ಲ, ಹೇಳಿ.

ಇದನ್ನು ಅತ್ತೆ ಆಲ್ಡಿನ್‌ಗೆ ಹೇಳಿದ್ದೇ ತಪ್ಪಾಯಿತು. ಆ ಹೆಂಗಸಿನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಭಾನುವಾರ ಇಗರ್ಜಿಯಿಂದ ಬಂದು ಊಟಕ್ಕೆ ಕೂತಾಗ ಎಲ್ಲರೆದುರಿಗೇ ಅಂದುಬಿಟ್ಟಳು: "ಪಾಪ, ಅಕ್ಕನ ಜೊಲ್ಲೇ ತಮ್ಮನಿಗೆ ಮುಳುವಾಯ್ತು ನೋಡಿ."

ಐದು ವರ್ಷದ ಸೊಲಾಂಜ್ ಆಮೇಲೆ ತಮ್ಮನ ಹತ್ತಿರ ಸುಳಿಯಲಿಲ್ಲ. ಅದು ಜಿನೆಟ್‌ಳ ಕಣ್ಣಿಗೆ ಬೀಳಲು ಒಂದು ವಾರವೇ ಬೇಕಾಯಿತು. ಬಿದ್ದಾಗ ತನ್ನ ಮೇಲೇ ಅಸಹ್ಯವಾಯಿತು, ಏಕೆಂದರೆ ಮಗಳು ದೂರವಿದ್ದದ್ದು ಒಳಗೊಳಗೇ ಅವಳಿಗೂ ಹಿತವಾಗಿತ್ತು.

"ತಮ್ಮನ್ನ ಯಾಕೆ ಮುದ್ದು ಮಾಡಲ್ಲ, ಪುಟ್ಟಿ?"

ಸೊಲಾಂಜ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನ ಬಾಯಿ ಕೆಟ್ಟದ್ದಲ್ವಾ ಅಮ್ಮ."

"ನಾನು ಸುಮ್ನೆ ಮಾತಿಗೆ ಅಂದೆ ಕಣೇ," ಎಂದಳು ಒಲೆಯ ಮುಂದಿದ್ದ ಅತ್ತೆ.

"ಈಗಲಾದ್ರೂ ಸುಮ್ನಿರಿ, ಅತ್ತೆ." ಜಿನೆಟ್ ಮಗಳ ಪಕ್ಕ ಕೂತಳು. "ಆ ವೈರಸ್ಸು ಎಷ್ಟೋ ಮಕ್ಕಳಿಗೆ ಬರತ್ತೆ, ಹೋಗತ್ತೆ. ನಿಂಗೆ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ನಿಂದೇನೂ ತಪ್ಪಿಲ್ಲ."

ಮಗಳು ತಟ್ಟೆಯನ್ನು ಆಚೆ ತಳ್ಳಿದಳು. ಇದು ಬರೀ ಮಾತಿಗೆ ಬಗ್ಗುವ ಸಂಗತಿಯಲ್ಲ ಎನಿಸಿ, ಜಿನೆಟ್ ಅವಳ ತಟ್ಟೆಯಲ್ಲಿದ್ದ, ಕಾಕಂಬಿ ಮೆತ್ತಿದ ಕಚ್ಚಿದ ದೋಸೆಯನ್ನು ಎತ್ತಿ ಬಾಯಿಗಿಟ್ಟಳು. ಅವಳು ನುಂಗುವವರೆಗೂ ಸೊಲಾಂಜ್ ಕಣ್ಣು ಮಿಟುಕಿಸಲಿಲ್ಲ.

"ನಿಂಗೇನೂ ಆಗಲ್ವಾ?"

"ಇಲ್ಲ."

"ರೆಮಿಗೆ?"

"ಅವನಿಗೆ ಆಗಿದ್ದೆಲ್ಲ ನನ್ನ ಹೊಟ್ಟೇಲಿದ್ದಾಗ್ಲೇ ಆಗಿಹೋಯ್ತು. ಇನ್ನು ನಿನ್ನ ಮುತ್ತಿಂದ ಅವನಿಗೇನೂ ಆಗಲ್ಲ. ಹೋಗು, ಕಾಯ್ತಿದಾನೆ."

ಸೊಲಾಂಜ್ ಹೋಗಿ ದಿಂಬಿನ ಪಕ್ಕ ಮಂಡಿಯೂರಿದಳು. ರೆಮಿ ಅವಳ ಕೂದಲು ಹಿಡಿದೆಳೆದು ಕಿಲಕಿಲ ನಕ್ಕ. ಅವಳು ತುಟಿಗಳೆರಡನ್ನೂ ಒಳಕ್ಕೆ ಬಿಗಿಯಾಗಿ ಮಡಚಿಕೊಂಡು, ಬಾಗಿ, ಮುಚ್ಚಿದ ಬಾಯನ್ನು ಅವನ ಹಣೆಗೆ ತಾಗಿಸಿದಳು.