ಹಳದಿ ದೀಪದ ಪಾಲು

ನಾನು ಒಂದು ಪುಟ್ಟ ಹಳದಿ ದೀಪ. ಕಾರಿನ ಮೀಟರುಗಳ ನಡುವೆ ನನ್ನ ವಾಸ. ಮೈಮೇಲೆ ಜಾರುವ ಕಾರಿನ ಚಿತ್ರ, ಅದರ ಹಿಂದೆ ಎರಡು ಸೊಟ್ಟ ಗೆರೆ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನನಗೆ ಕೆಲಸ ಹಚ್ಚಿದರು. ಚಕ್ರ ಹಿಡಿತ ತಪ್ಪಿ ಬರಿದೇ ತಿರುಗಿದರೆ ಅಲ್ಲಿರುವ ಸೆನ್ಸರ್ ಸುದ್ದಿ ಮುಟ್ಟಿಸುತ್ತದೆ. ಕಾರಿನ ಕಂಪ್ಯೂಟರು ಇಂಜಿನ್ನಿನ ಬಲ ತಗ್ಗಿಸಿ ಆ ಚಕ್ರಕ್ಕೆ ಬ್ರೇಕು ಒತ್ತುತ್ತದೆ. ಆಗ ನಾನು ಮಿನುಗುತ್ತೇನೆ. ಮಿನುಗದೆ ಒಂದೇ ಸಮ ಉರಿದರೆ ಮಾತ್ರ ಏನೋ ಕೆಟ್ಟಿದೆ, ಇಲ್ಲವೇ ಯಾರೋ ಆಫ್ ಮಾಡಿದ್ದಾರೆ ಎಂದರ್ಥ. ರೇಡಿಯೊಗೆ ಸಿಗುವ ಮುದ್ದು ನನಗೆ ಸಿಗಲಿಲ್ಲ, ಆದರೂ ನನ್ನದು ಜವಾಬ್ದಾರಿಯ ಹುದ್ದೆ.

ಮೊದಲ ಮಾಲೀಕರು ಹುಬ್ಬಳ್ಳಿಯ ಕಾಲೇಜು ಮೇಷ್ಟ್ರು. ಡಾಂಬರು ಬಿಟ್ಟು ಕೆಳಗಿಳಿದವರಲ್ಲ. ಅವರಿಂದ ನವಲಗುಂದದ ಕಡೆಯ ರೈತ ಚನ್ನವೀರಪ್ಪ ಕಾರು ಕೊಂಡ. ಮೇಷ್ಟ್ರು ನನ್ನನ್ನು ತೋರಿಸಿ, ಇದು ಮಿನುಗಿದರೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ ಎಂದರು. ಅವನು ಟೈರು ಒದ್ದು ನೋಡುತ್ತಿದ್ದ. ಕೇಳಿಸಿಕೊಂಡವಳು ಅವನ ಹೆಂಡತಿ ಗುರವ್ವ.

ಅಂಥ ಗುರವ್ವನೇ ದಸರೆಯಲ್ಲಿ ಆಯುಧ, ಗಾಡಿಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಮೀಟರಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದಳು. ನಾನು ಅದರಡಿ ಮುಚ್ಚಿಹೋದೆ. ಪೂಜೆಯ ವಿಭೂತಿ ತಾನಾಗಿ ಉದುರಬೇಕು, ಒರೆಸುವುದು ಅಪಶಕುನ ಎಂದು ಆ ಮನೆಯವರ ನಂಬಿಕೆ. ನನಗೆ ಸಿಟ್ಟು ಬಂತು, ನುಂಗಿಕೊಂಡೆ.

ಅದೇ ವಾರ ಮೆಣಸಿನಕಾಯಿ ಹೊಲದಲ್ಲಿ ಅವರ ಮಗಳು ಕಸ್ತೂರಿಗೆ ಹಾವು ಕಚ್ಚಿತು. ಮಳೆ ಬಿದ್ದು ಎರೆಮಣ್ಣಿನ ದಾರಿ ಬೆಣ್ಣೆಯಂತಾಗಿತ್ತು. ಆಸ್ಪತ್ರೆಗೆ ಹೊರಟ ಕಾರು ಹಳ್ಳದ ಪಕ್ಕದ ಏರಿನಲ್ಲಿ ಜಾರತೊಡಗಿತು. ನಾನು ಇದ್ದಬದ್ದ ಶಕ್ತಿಯಿಂದ ಮಿನುಗಿದೆ, ಕಾಣಿಸಬೇಕಲ್ಲ! ಇಂಜಿನ್ನಿನ ಬಲ ತಗ್ಗಿದ್ದಕ್ಕೆ ಗಾಡಿ ಕೈಕೊಟ್ಟಿತೆಂದು ಚನ್ನವೀರಪ್ಪ ಇನ್ನಷ್ಟು ತುಳಿದ. ಕಾರಿನ ಮೂತಿ ಹಳ್ಳದತ್ತ ಹೊರಳಿತು. ಹಿಂದಿನ ಸೀಟಿನಲ್ಲಿ ಕಸ್ತೂರಿಯ ಕಣ್ಣುಗಳು ಮುಚ್ಚುತ್ತಿದ್ದವು.

ಗುರವ್ವ ಬಾಗಿ ಸೆರಗಿನಿಂದ ಗಾಜು ಒರೆಸಿದಳು.

“ಪೂಜಿ ಇಬತ್ತಿ ಅದು,” ಎಂದ ಗಂಡ.

“ದೇವರಿಗೆ ನಾ ಹೇಳ್ಕೋತೀನಿ. ನೀವು ದೀಪ ನೋಡ್ರಿ, ಕಾಲ ಸಡ್ಲ ಬಿಡ್ರಿ.”

ಅವನು ಕಾಲು ಸಡಿಲಿಸಿದ. ಚಕ್ರ ನೆಲ ಕಚ್ಚಿತು. ನಾನು ಆರಿದೆ, ಕಾರು ಏರು ಹತ್ತಿತು.

ಹೊತ್ತು ಮೀರುವ ಮೊದಲೇ ಕಸ್ತೂರಿಗೆ ಇಂಜೆಕ್ಷನ್ ಬಿತ್ತು. ಡಾಕ್ಟರು ಔಷಧಿಯನ್ನು ಹೊಗಳಿದರು, ಚನ್ನವೀರಪ್ಪ ತನ್ನ ಡ್ರೈವಿಂಗನ್ನು. ಕೀಲಿ ತಿರುಗಿಸಿದಾಗಲೆಲ್ಲ ನಾನೊಮ್ಮೆ ಬೆಳಗಿ ಆರುತ್ತಿದ್ದೆ. ಆ ದಿನದ ಬಳಿಕ ಅಷ್ಟು ಹೊತ್ತೂ ಗುರವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಬೀಗಿಹೋಗುತ್ತಿದ್ದೆ.

ಈಗ ಕಾರು ಹಿತ್ತಲು ಸೇರಿದೆ. ಬ್ಯಾಟರಿ ಕಿತ್ತಿದ್ದಾರೆ, ಸೀಟಿನ ಮೇಲೆ ಬೆಕ್ಕು ಮರಿ ಹಾಕಿದೆ. ನಾನಿನ್ನು ಬೆಳಗಲಾರೆ. ತವರಿಗೆ ಬಂದ ಕಸ್ತೂರಿ ಅಂಗಳದಲ್ಲಿ ಗಂಡನನ್ನು ಗದರುವುದು ಇಲ್ಲಿಗೂ ಕೇಳಿಸುತ್ತದೆ. ಆ ಬಾಯಿ ಇನ್ನೂ ಜೋರಾಗಿದೆಯಲ್ಲ, ಅದರಲ್ಲಿ ನನ್ನ ಪಾಲೂ ಇದೆ.