ಕುದಿಸಿದ ಸೊಪ್ಪು

"ಒಂದು ಹುಳಾನೂ ಸತ್ತಿಲ್ವಂತೆ ಮುದ್ದಕ್ಕ! ಬೆಂಗಳೂರಿಂದ ಕಾಗದ ಬಂದೈತೆ. ನಿನ್ ಸೊಪ್ಪಿನ ರಸದಾಗೆ ಅವು ಆರಾಮಾಗಿ ಬೆಳ್ಕೊಂಡವಂತೆ!"

ಕಾಂಪೌಂಡರ್ ಶಫೀವುಲ್ಲಾ ಸೈಕಲ್ಲಿನಿಂದ ಇಳಿಯುವ ಮೊದಲೇ ಹೇಳಿಬಿಟ್ಟ. ರಾಗಿ ಕೇರುತ್ತಿದ್ದ ಮುದ್ದಕ್ಕನ ಕೈಯಲ್ಲಿ ಮೊರ ಹಾಗೇ ನಿಂತಿತು.

ಅವಳ ಮಗ ಅಂಜನಪ್ಪ ಮಧುಗಿರಿಯಲ್ಲಿ ಕಲ್ಲು ಒಡೆಯುವವನು. ಉಳಿ ಜಾರಿ ಪಾದಕ್ಕಾದ ಗಾಯ ಕೀವು ಹಿಡಿದು, ಆಸ್ಪತ್ರೆ ಸೇರಿ ಇಪ್ಪತ್ತು ದಿನವಾಗಿತ್ತು. ಯುದ್ಧದ ಕಾಲ, ಕೀವಿಗೆ ಕೊಡುವ ಹೊಸ ಮಾತ್ರೆಯೆಲ್ಲ ದಂಡಿನ ಪಾಲು. ಊರಿನ ಎಷ್ಟೋ ಹುಣ್ಣು ಮಾಯಿಸಿದ ತನ್ನ ಸೊಪ್ಪನ್ನು ಕಟ್ಟಲು ಬಿಡಿ ಎಂದು ಅವಳು ಡಾಕ್ಟರಿಗೆ ಕೈಮುಗಿದಿದ್ದಳು. ಅವರು ಮಗನ ಕೀವನ್ನೂ ಸೊಪ್ಪಿನ ರಸವನ್ನೂ ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದರು. ಗಾಜಿನ ತಟ್ಟೆಯಲ್ಲಿ ಕೀವಿನ ಹುಳ ಬೆಳೆಸಿ ಮೇಲೆ ರಸ ಬಿಡುತ್ತಾರೆ. ಹುಳ ಸತ್ತರೆ ಸೊಪ್ಪು ಕಟ್ಟೋಣ, ಇಲ್ಲದಿದ್ದರೆ ಕಾಲು ತೆಗೆಯಬೇಕು ಎಂದಿದ್ದರು.

"ರಸ ಯಾರು ತೆಗೆದಿದ್ದು ಸಾಬ್ರೇ?"

"ನಾನೇ. ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಸೋಸಿ, ಸೀಸೆಗೆ ಹಾಕ್ದೆ. ಆಸ್ಪತ್ರೆ ಕೆಲ್ಸ ಅಂದ್ರೆ ಸಾಫ್ ಇರ್ಬೇಕಲ್ವಾ?"

"ಕುದಿಸಿಬುಟ್ರಾ?" ಮೊರ ಕೆಳಗಿಟ್ಟಳು. "ಅದುಕ್ಕೆ ಬೆಂಕಿ ತೋರಿಸ್ಬಾರ್ದು ಕಣಪ್ಪಾ! ಹಸೀದೇ ಅರೆದು ರಸ ಹಿಂಡ್ಬೇಕು!"

"ಯಾ ಅಲ್ಲಾ! ಅವತ್ತೇ ಯಾಕೆ ಹೇಳ್ಲಿಲ್ಲ? ಸೊಪ್ಪಿನ ಹೆಸ್ರು ಕೇಳಿದ್ರೂ ಬಾಯಿ ಬುಡ್ಲಿಲ್ಲ. ಗುರುತು ಸಿಗದಂಗೆ ನೀನೇ ಜಜ್ಜಿ, ಗಂಟು ಕಟ್ಟಿ ಕೊಟ್ಟೆ!"

ಹೇಳಿರಲಿಲ್ಲ. ಹೆಸರನ್ನಾಗಲಿ ಮಾಡುವ ಬಗೆಯನ್ನಾಗಲಿ ಹೊರಗೆ ಹೇಳಿದರೆ ಔಷಧದ ಗುಣ ಹೋಗುತ್ತದೆಂದು, ಸಾಯುವಾಗ ಅತ್ತೆ ಅವಳಿಂದ ಭಾಷೆ ತೆಗೆದುಕೊಂಡಿದ್ದಳು.

"ಕುಪ್ಪಿಗಿಡ," ಎಂದಳು ಮುದ್ದಕ್ಕ. "ತಿಪ್ಪೆ ಮಗ್ಗುಲಾಗೆ ಬೆಳೀತದಲ್ಲ, ಅದೇಯ."

"ಅಷ್ಟೇನಾ?" ಶಫೀವುಲ್ಲಾನಿಗೆ ನಗು ಬಂತು. ಅವಳ ಮುಖ ನೋಡಿ ನಗು ತಡೆದುಕೊಂಡ.

"ಇನ್ನೊಂದ್ಸಲ ಕಳ್ಸಿ ಸಾಬ್ರೇ. ಈಗ್ಲೇ ಕಿತ್ಕೊಡ್ತೀನಿ."

"ಹೋಗಿ ಬರಾಕೆ ಹದಿನೈದು ದಿನ ಅಕ್ಕಾ. ಕಾಲು ಕೊಳೆತು ಕಪ್ಪಾಗಿದ್ದು ಮೀನಖಂಡ ದಾಟೈತೆ. ನಾಳೆ ಮಂಡಿ ಮೇಲಕ್ಕೇ ಕೊಯ್ತಾರಂತೆ. ಹತ್ತು ಗಂಟೆಗೆ ಬಾ, ಒಪ್ಪಿಗೆ ಕಾಗದಕ್ಕೆ ನಿನ್ ಹೆಬ್ಬೆಟ್ಟು ಬೇಕು."

"ಅವ್ನು ಏನಂದ?"

"ಅಮ್ಮನ ಸೊಪ್ಪಿಂದು ಕಾಗದ ಬಂತಾ ಅಂತ ದಿನಾ ಕೇಳ್ತವ್ನೆ. ನಾನಿನ್ನೂ ಹೇಳಿಲ್ಲ."

ಮುದ್ದಕ್ಕ ತಿಪ್ಪೆಯ ಕಡೆ ನೋಡಿದಳು. ಗಿಡ ಮೊಣಕಾಲೆತ್ತರ ಬೆಳೆದಿತ್ತು.

"ಹತ್ತಕ್ಕಲ್ಲ, ಒಂಬತ್ತಕ್ಕೇ ಬತ್ತೀನಿ. ಅವ್ನಿಗೆ ನಾನೇ ಹೇಳ್ತೀನಿ. ಕೊಯ್ಯಾಕೆ ಮುಂಚೆ ಆ ಕಾಲ್ನ ಒಂದ್ಸಲ ನನ್ ಕೈಯಾರೆ ತೊಳೀಬೇಕು."

"ಬಿಸಿನೀರು ನಾನೇ ಇಟ್ಟಿರ್ತೀನಿ," ಎಂದ ಶಫೀವುಲ್ಲಾ. "ಒಂಬತ್ತಕ್ಕೆ ಗೇಟ್ ತಾವ ನಿಂತಿರ್ತೀನಿ, ಬಾ."