ಮೆಣಸಿನ ಕೋಣೆಯ ಸರೌಂಡ್ ಸೌಂಡ್

2004ರ ಜನವರಿ ಕೊನೆಯಲ್ಲಿ, ಕಾಫಿ ಕೊಯ್ಲು ಇನ್ನೇನು ಮುಗಿಯಿತು ಅನ್ನುವ ಹೊತ್ತಿಗೆ, ವನಗೂರಿನ ರುದ್ರಯ್ಯ ಸಕಲೇಶಪುರದಿಂದ ಒಂದು ಹೋಂ ಥಿಯೇಟರ್ ಸೆಟ್ ತಂದ. ಜೀಪಿನಿಂದ ಇಳಿಸಿ ಹಜಾರದಲ್ಲಿ ಬಿಚ್ಚಿದಾಗ ಒಳಗಿಂದ ಐದು ಪುಟ್ಟ ಡಬ್ಬ, ಒಂದು ದೊಡ್ಡ ಡಬ್ಬ, ಡಿವಿಡಿ ಹಾಕುವ ಪೆಟ್ಟಿಗೆ ಮತ್ತು ಸುರುಳಿ ಸುರುಳಿ ವೈರು ಬಂದವು. ಹೆಂಡತಿ ಚೆಲುವಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

"ಇಷ್ಟೊಂದು ಯಾಕ್ರೀ? ನಮಗಿರೋದು ಎರಡೇ ಕಿವಿ."

"ನಿಂಗೊತ್ತಾಗಲ್ಲ ಸುಮ್ನಿರು. ಸೌಂಡು ಸುತ್ತಲಿಂದ ಬತ್ತೈತೆ. ಹಿಂದಿನಿಂದ್ಲೂ ಬತ್ತೈತೆ."

"ಹಿಂದಿನಿಂದ ಮಾತಾಡೋರು ಮನೇಲಿ ಸಾಲದು ಅಂತ ತಂದ್ರಾ?" ಎಂದು ಅವಳು ಒಳಗೆ ಹೋದಳು.

ರುದ್ರಯ್ಯನ ಮನಸ್ಸಿನಲ್ಲಿ ಇದ್ದದ್ದು ಒಬ್ಬನೇ ಮನುಷ್ಯ: ಭಾವ ಜವರಯ್ಯ. ಅಕ್ಕ ರಾಜಲಕ್ಷ್ಮಮ್ಮನನ್ನು ಆಲೂರಿನ ಕಡೆ ಮಗ್ಗೆಗೆ ಕೊಟ್ಟಿತ್ತು. ಅವಳ ಗಂಡ ಜವರಯ್ಯ ಮೂವತ್ತು ವರ್ಷದಿಂದ ಈ ಮನೆಗೆ ಬರುತ್ತಿದ್ದಾನೆ, ಬಂದಾಗಲೆಲ್ಲ ಒಂದು ತಪ್ಪು ಹುಡುಕಿ ಹೋಗುತ್ತಾನೆ. ಬಾವಿ ತೋಡಿಸಿದಾಗ ನೀರು ಸಪ್ಪೆ ಅಂದಿದ್ದ. ಕಲರ್ ಟಿವಿ ತಂದಾಗ ಕೆಂಪು ಜಾಸ್ತಿ ಅಂದಿದ್ದ. ಈ ಸಲ ಬಾಯಿ ಬಿಡದಂತೆ ಮಾಡಬೇಕು ಎಂಬುದು ರುದ್ರಯ್ಯನ ಛಲ. ಮೂರು ವಾರ ಬಿಟ್ಟು ಭಾನುವಾರ ಊಟಕ್ಕೆ ಬನ್ನಿ ಎಂದು ಮಗ್ಗೆಗೆ ಫೋನ್ ಮಾಡಿಯೂ ಆಗಿತ್ತು.

ಅಂಗಡಿಯವನು ಸೆಟ್ ಮಾರಿದನೇ ಹೊರತು ಘಾಟಿ ರಸ್ತೆ ಹತ್ತಿ ಬಂದು ಜೋಡಿಸಿಕೊಡಲು ಒಪ್ಪಿರಲಿಲ್ಲ. "ಪುಸ್ತಕದಲ್ಲಿ ಚಿತ್ರ ಇದೆ ಸಾರ್, ಹಾಗೇ ಇಟ್ಟರಾಯ್ತು" ಅಂದಿದ್ದ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಆದ್ದರಿಂದ ತೋಟದ ಆಳುಗಳ ಹಾಜರಿ ಬರೆಯುವ ರೈಟರ್ ಲಿಂಗಪ್ಪನನ್ನು ಕರೆಸಬೇಕಾಯಿತು. ಲಿಂಗಪ್ಪ ಪಿಯುಸಿ ಓದಿದವನು, ಜೇಬಿನಲ್ಲಿ ಎರಡು ಪೆನ್ನು ಇಲ್ಲದೆ ಮನೆಯಿಂದ ಹೊರಬೀಳದವನು. ಕನ್ನಡಕ ಏರಿಸಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೂ ಓದಿದ. ಚಿತ್ರದಲ್ಲಿ ಒಂದು ತಲೆಯನ್ನು ಮೇಲಿನಿಂದ ನೋಡಿದ ಹಾಗೆ ಬರೆದಿದ್ದರು. ಮೂಗು ಟಿವಿ ಕಡೆಗೆ; ಟಿವಿಯ ನೆತ್ತಿಯ ಮೇಲೆ ಒಂದು ಡಬ್ಬ, ಅದರ ಎಡಬಲಕ್ಕೆ ಎರಡು, ತಲೆಯ ಹಿಂದೆ ಎಡಬಲಕ್ಕೆ ಇನ್ನೆರಡು.

"ಸಾವ್ಕಾರ್ರೇ, ಇದು ಬೋ ಸುಲಭ," ಎಂದ ಲಿಂಗಪ್ಪ. "ತಲೆಯಿಂದ ಐದೂ ಡಬ್ಬಕ್ಕೆ ಒಂದೇ ಅಳತೆ ಇರ್ಬೇಕು, ಅಷ್ಟೇಯ. ಕಾಫಿ ಗಿಡ ನೆಡಕ್ಕೆ ಗುಂಡಿ ಗುರ್ತು ಮಾಡ್ದಂಗೇ."

ಸ್ಟೋರಿನಿಂದ ಗಂಟು ಹಾಕಿದ ಅಳತೆ ಹಗ್ಗ ಬಂತು, ಸುಣ್ಣದ ಪುಡಿ ಬಂತು. ಲಿಂಗಪ್ಪ ಹಜಾರದ ರೆಡ್ ಆಕ್ಸೈಡ್ ನೆಲದ ಮೇಲೆ ಹಗ್ಗ ಎಳೆದು, ಒಂದು ಕಡೆ ರುದ್ರಯ್ಯನ ಕೈಯಲ್ಲಿ ಹಿಡಿಸಿ, ಅರ್ಧ ದಿನ ಅಳೆದ. ಕೊನೆಗೆ ನೆಟ್ಟಗೆ ನಿಂತು ಬೆವರು ಒರೆಸಿಕೊಂಡ.

"ನೀವು ಕೂರ್ಬೇಕಾದ ಜಾಗ ಸಿಕ್ತು."

"ಎಲ್ಲಿ?"

"ಕಂಬದೊಳಗೆ."

ಹಜಾರದ ನಟ್ಟನಡುವೆ ರುದ್ರಯ್ಯನ ಅಜ್ಜ ನಿಲ್ಲಿಸಿದ ಹೊನ್ನೆ ಮರದ ಕಂಬವಿತ್ತು. ಸೌಂಡ್ ಸರಿಯಾಗಿ ಕೇಳಬೇಕಾದ ತಲೆ ಆ ಕಂಬದ ಒಳಗೇ ಇರಬೇಕಿತ್ತು. ಕಂಬದ ಮುಂದೆ ಕುರ್ಚಿ ಹಾಕಿದರೆ ಹಿಂದಿನ ಡಬ್ಬ ಕೇಳಿಸುತ್ತಿರಲಿಲ್ಲ. ಹಿಂದೆ ಹಾಕಿದರೆ ಟಿವಿ ಕಾಣುತ್ತಿರಲಿಲ್ಲ. ರುದ್ರಯ್ಯ ಕಂಬವನ್ನು ಅಪ್ಪಿಕೊಂಡು ಒಂದು ಕೆನ್ನೆ ಆಚೆ ಇಟ್ಟೂ ನೋಡಿದ. ಟಿವಿಯನ್ನು ಪೂರ್ವದ ಗೋಡೆಗೆ ಸರಿಸಿ ಮತ್ತೆ ಅಳೆದರೆ ಕೂರುವ ಜಾಗ ಅಡುಗೆಮನೆ ಹೊಸಿಲ ಮೇಲೆ ಬಿತ್ತು.

"ಹೊಸ್ಲು ಮೇಲೆ ಕುರ್ಚಿ ಹಾಕಿದ್ರೆ ನಾನು ಎಲ್ಲಿಂದ ಓಡಾಡ್ಲಿ? ಹೆಂಚಿನ ಮಾಡು ಹತ್ತಿ ಇಳೀಲಾ?" ಎಂದಳು ಚೆಲುವಮ್ಮ. ಆಮೇಲೆ ಇಬ್ಬರ ಮುಖ ನೋಡಿ ಅವಳಿಗೇ ಅಯ್ಯೋ ಅನ್ನಿಸಿತು. "ಆ ಮೆಣಸು ಇಡೋ ಕೋಣೆ ಚೌಕಾಗೈತಲ್ಲ, ಅಲ್ಲಿ ಇಟ್ಕಂಡು ಸಾಯ್ಬಾರ್ದಾ?"

ಕೋಣೆ ನಿಜಕ್ಕೂ ಚೌಕವಾಗಿತ್ತು. ಹೋದ ವರ್ಷದ ಕಾಳುಮೆಣಸಿನ ಚೀಲಗಳು ಗೋಡೆಗುಂಟ ಎದೆಮಟ್ಟ ನಿಂತಿದ್ದವು. ಗೋಡೆಗೆ ಚೀಲವಿದ್ದರೆ ಸೌಂಡು ಪ್ರತಿಧ್ವನಿಸುವುದಿಲ್ಲ, ಒಳ್ಳೆಯದೇ ಎಂದು ಲಿಂಗಪ್ಪ ಪುಸ್ತಕದ ಹದಿನಾಲ್ಕನೇ ಪುಟ ತೋರಿಸಿದ. ಟಿವಿಯೂ ಅಲ್ಲಿಗೇ ಬಂತು, ನಡುವೆ ಬೆತ್ತದ ಕುರ್ಚಿ ಬಂತು. ಐದು ಡಬ್ಬಗಳೂ ಹಗ್ಗದ ಅಳತೆಗೆ ಕೂತವು, ಹಿಂದಿನವೆರಡು ಗೋಡೆಯ ಮೊಳೆಗೆ.

ಉಳಿದದ್ದು ದೊಡ್ಡ ಡಬ್ಬ. ಗುಡುಗಿನಂಥ ಸದ್ದೆಲ್ಲ ಅದರದ್ದು. ಅದನ್ನು ಎಲ್ಲಿಡಬೇಕೆಂದು ಚಿತ್ರದಲ್ಲಿರಲಿಲ್ಲ. ಒಂದು ಉಪಾಯ ಮಾತ್ರ ಬರೆದಿತ್ತು. ಲಿಂಗಪ್ಪ ಅದನ್ನು ಎರಡು ಸಲ ಓದಿ, ಮೂರನೆಯ ಸಲ ಗಟ್ಟಿಯಾಗಿ ಓದಿದ. ದೊಡ್ಡ ಡಬ್ಬವನ್ನು ಕೇಳುವವನ ಕುರ್ಚಿಯ ಮೇಲೆ ಕೂರಿಸಬೇಕು. ಕೇಳುವವನು ನೆಲದ ಮೇಲೆ ಅಂಬೆಗಾಲಿಟ್ಟು ಕೋಣೆಯೆಲ್ಲ ಸುತ್ತಬೇಕು. ಎಲ್ಲಿ ಗುಡುಗು ಚೆನ್ನಾಗಿ ಕೇಳುತ್ತದೋ ಅಲ್ಲಿ ಡಬ್ಬ ಇಡಬೇಕು.

"ನೀವೇ ಸುತ್ತಿ ರೈಟ್ರೇ," ಎಂದ ರುದ್ರಯ್ಯ. "ನಂಗೆ ಮಂಡಿ ನೋವು."

ಲಿಂಗಪ್ಪ ಪೆನ್ನುಗಳನ್ನು ತೆಗೆದು ಕಿಟಕಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ನಾಲ್ಕು ಕಾಲಿನಲ್ಲಿ ಹೊರಟ. ಕುರ್ಚಿಯ ಮೇಲೆ ಡಬ್ಬ ಯಜಮಾನನ ಹಾಗೆ ಕೂತು ಗುಡುಗುತ್ತಿತ್ತು. ಕಾಫಿ ತಂದ ಚೆಲುವಮ್ಮ ಬಾಗಿಲಲ್ಲೇ ನಿಂತಳು.

"ಏನು ಕಳ್ಕಂಡ್ರಿ ರೈಟ್ರೇ?"

"ಏನಿಲ್ಲ ಕಣಮ್ಮ, ಗುಡುಗು ಹುಡುಕ್ತಾ ಇದೀನಿ," ಎಂದ ಲಿಂಗಪ್ಪ ತಲೆ ಎತ್ತದೆ.

ಗುಡುಗು ಚೆನ್ನಾಗಿ ಸಿಕ್ಕಿದ್ದು ಮೂಲೆಯಲ್ಲಿ, ಮೆಣಸಿನ ಚೀಲಗಳ ಬುಡದಲ್ಲಿ. ಡಬ್ಬವನ್ನು ಅಲ್ಲಿಗೆ ತಂದು ಜೋರಾಗಿ ಹಾಕಿದರು. ಚೀಲಗಳು ನಡುಗಿದವು, ವರ್ಷದ ಮೆಣಸಿನ ಧೂಳು ಎದ್ದಿತು. ಮೊದಲು ಲಿಂಗಪ್ಪ ಸೀನಿದ, ಆಮೇಲೆ ರುದ್ರಯ್ಯ, ಆಮೇಲೆ ಲೋಟ ಹಿಡಿದಿದ್ದ ಚೆಲುವಮ್ಮ. ಮೂವರೂ ಅಂಗಳಕ್ಕೆ ಓಡಿಬಂದು ಸಾಲಾಗಿ ನಿಂತು ಸೀನಿದರು. ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಲೆಕ್ಕ ಹಾಕಿದರು: ರೈಟರು ಹತ್ತೊಂಬತ್ತು, ಸಾವ್ಕಾರ್ರು ಹದಿನಾಲ್ಕು. ಮಾರನೆಯ ದಿನ ಆ ಮೂಲೆಯ ಚೀಲಗಳು ಅಟ್ಟಕ್ಕೆ ಹೋದವು.

ಎಲ್ಲ ಮುಗಿದ ಮೇಲೆ ರುದ್ರಯ್ಯ ಕುರ್ಚಿಯಲ್ಲಿ ಕೂತು ಸೆಟ್ಟಿನ ಜೊತೆ ಬಂದ ಡಿಸ್ಕ್ ಹಾಕಿದ. ಒಂದು ಹೆಲಿಕಾಪ್ಟರ್ ಮುಂದಿನ ಎಡಮೂಲೆಯಲ್ಲಿ ಎದ್ದು, ಅವನ ತಲೆಯ ಮೇಲೆ ಹಾದು, ಹಿಂದಿನ ಬಲಮೂಲೆಗೆ ಹೋಗಿ ಇಳಿಯಿತು. ಆ ವಾರ ಅವನು ಅದನ್ನು ನಲವತ್ತು ಸಲ ಹಾರಿಸಿದ.

ಭಾನುವಾರ ಹನ್ನೊಂದಕ್ಕೆ ಜವರಯ್ಯನ ಜೀಪು ಬಂತು. ಅವನು ಓಡಿಸುತ್ತಿದ್ದ, ರಾಜಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಏನೋ ಹೇಳುತ್ತಲೇ ಬಂದಳು. ಮನೆ ಮುಂದಿನ ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ಊಟಕ್ಕೂ ಕಾಯದೆ, ಜವರಯ್ಯ ಕೇಳಿದ: "ಎಲ್ಲೋ ರುದ್ರಯ್ಯ ನಿನ್ನ ಮಾಯಾಪೆಟ್ಗೆ?"

ಎಲ್ಲರೂ ಮೆಣಸಿನ ಕೋಣೆಗೆ ಹೋದರು. ಜವರಯ್ಯನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ತಲೆ ಒಂದು ಬೆರಳು ಆಚೀಚೆ ಆಗಬಾರದೆಂದು ಲಿಂಗಪ್ಪ ಎರಡೂ ಕೈಯಿಂದ ಅವನ ತಲೆ ಹಿಡಿದು ಸರಿಮಾಡಿದ. ಹೆಲಿಕಾಪ್ಟರ್ ಹಾರಿತು. ಜವರಯ್ಯನ ಮುಖ ಅಲ್ಲಾಡಲಿಲ್ಲ.

"ಹೆಂಗೈತೆ ಭಾವ?"

"ಹಾರ್ಲೇ ಇಲ್ವಲ್ಲೋ. ಬಲಗಡೇನೇ ನಿಂತ್ಕಂಡು ಬಡ್ಕಂತು. ನಿನ್ನ ಎಡಗಡೆ ಡಬ್ಬ ಎರಡೂ ಕೆಟ್ಟವೆ ಕಣೋ."

ಬೆಳಿಗ್ಗೆ ತಾನೇ ಚೆನ್ನಾಗಿ ಹಾರಿತ್ತು. ಲಿಂಗಪ್ಪ ಓಡಿ ಎಡಗಡೆ ಡಬ್ಬಕ್ಕೆ ಕಿವಿಯಿಟ್ಟ, ಸದ್ದು ಬರುತ್ತಿತ್ತು. ಆದರೂ ಇರಲಿ ಎಂದು ವೈರು ಬಿಚ್ಚಿ ಎಡಗಡೆಯವನ್ನು ಬಲಕ್ಕೂ ಬಲಗಡೆಯವನ್ನು ಎಡಕ್ಕೂ ಇಟ್ಟರು. ಮತ್ತೆ ಹಾರಿಸಿದರು.

"ಈಗ್ಲೂ ಬಲಗಡೇನೇ."

"ಕುರ್ಚಿ ತಿರುಗ್ಸಿ," ಎಂದ ಲಿಂಗಪ್ಪ. ಜವರಯ್ಯನನ್ನು ಕುರ್ಚಿ ಸಮೇತ ಎತ್ತಿ ಟಿವಿಗೆ ಬೆನ್ನು ಮಾಡಿ, ಮೆಣಸಿನ ಚೀಲಕ್ಕೆ ಮುಖ ಮಾಡಿ ಕೂರಿಸಿದರು. ಹಾರಿಸಿದರು.

"ಬಲಗಡೆ," ಎಂದ ಜವರಯ್ಯ ಚೀಲಗಳಿಗೆ. "ಮಾರಾಯ, ನಿಂಗೆ ಮೋಸ ಮಾಡ್ಬುಟ್ಟವ್ರೆ. ವಾಪಸ್ ಕೊಟ್ಬುಡು."

ರುದ್ರಯ್ಯ ಬಾಗಿಲ ಹತ್ತಿರ ಕುಸಿದು ಕೂತ. ಮೂರು ವಾರದ ಅಳತೆ, ಅಂಬೆಗಾಲು, ಸೀನು, ಎಲ್ಲ ನೀರುಪಾಲಾಗಿತ್ತು. ಆದರೆ ಲಿಂಗಪ್ಪ ಕನ್ನಡಕ ಒರೆಸುತ್ತ ನಿಂತಿದ್ದ. ಇಪ್ಪತ್ತು ವರ್ಷ ಹಾಜರಿ ಬರೆದವನಿಗೆ ಯಾವ ಸಾಲು ತಪ್ಪಿದೆ ಎಂದು ಬೇಗ ಗೊತ್ತಾಗುತ್ತದೆ. ಅದಲು ಬದಲು ಮಾಡಿದಾಗಲೂ ಕುರ್ಚಿ ತಿರುಗಿಸಿದಾಗಲೂ ಎಡಕ್ಕಿದ್ದ ಡಬ್ಬಗಳೇ ಬಲಕ್ಕೆ ಬಂದಿದ್ದವು. ಆದರೂ ಬಲಗಡೆಯೇ ಎಂದರೆ ತಪ್ಪು ಡಬ್ಬದಲ್ಲಿರಲು ಸಾಧ್ಯವಿಲ್ಲ. ಅವನು ಸದ್ದು ಮಾಡದೆ ಜವರಯ್ಯನ ಎಡಗಡೆ ಎರಡು ಹೆಜ್ಜೆ ಹಿಂದೆ ನಿಂತು, ಮೆಲ್ಲಗೆ, ಮಾಮೂಲಿ ದನಿಯಲ್ಲಿ ಹೇಳಿದ:

"ಭಾವನೋರ ಜೀಪು ಇಳಿಜಾರಲ್ಲಿ ಉರುಳ್ಕಂಡು ಹೋಗ್ತಾ ಐತೆ."

ರಾಜಲಕ್ಷ್ಮಮ್ಮ "ಅಯ್ಯಯ್ಯೋ" ಎಂದು ಹೊರಗೆ ಓಡಿದಳು. ಅವಳ ಹಿಂದೆ ಚೆಲುವಮ್ಮ, ಚೆಲುವಮ್ಮನ ಹಿಂದೆ ಮಂಡಿ ನೋವಿನ ರುದ್ರಯ್ಯ. ಜೀಪು ಚಕ್ರಕ್ಕೆ ಕಲ್ಲು ಕೊಟ್ಟಲ್ಲೇ ನಿಂತಿತ್ತು. ಮೂವರೂ ಏದುಸಿರು ಬಿಡುತ್ತ ವಾಪಸ್ ಬಂದರೆ ಜವರಯ್ಯ ಚೀಲ ನೋಡುತ್ತ ಹಾಯಾಗಿ ಕೂತಿದ್ದ.

"ಎಲ್ರೂ ಎಲ್ಲೋದ್ರಿ? ಊಟಕ್ಕೆ ಎದ್ರಾ?"

ಲಿಂಗಪ್ಪ ಅವನ ಬಲಗಡೆಗೆ ಬಂದು ಕೈಮುಗಿದ. "ತಪ್ಪು ತಿಳೀಬೇಡಿ. ಡಬ್ಬ ಐದೂ ಸರಿಯಾಗವೆ. ನಿಮ್ಮ ಎಡಗಿವಿ ಕೇಳ್ತಿಲ್ಲ."

"ಯಾರಿಗೆ ಕೇಳಲ್ಲ? ನಂಗಾ?" ಜವರಯ್ಯ ಕೆರಳಿ ಎದ್ದ. ಬಲಗಿವಿಗೆ ಬೆರಳಿಟ್ಟುಕೊಂಡು, "ಮಾತಾಡಿ ನೋಡಾನ," ಎಂದ. ರುದ್ರಯ್ಯ ಮಾತಾಡಿದ. ಚೆಲುವಮ್ಮ ಮಾತಾಡಿದಳು. ಜವರಯ್ಯ ಒಬ್ಬೊಬ್ಬರ ಬಾಯಿಯನ್ನೇ ನೋಡಿದ, ಬೆರಳು ತೆಗೆದ, ಮತ್ತೆ ಇಟ್ಟ. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಕೂತುಬಿಟ್ಟ. ಅವನ ಮುಖ ಸಣ್ಣಗಾದದ್ದನ್ನು ರುದ್ರಯ್ಯ ನೋಡಿದ್ದು ಅದೇ ಮೊದಲು. ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ.

ಆಗ ರಾಜಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದಳು.

"ಎಡಗಿವೀನಾ? ಜೀಪಲ್ಲಿ ನಾನು ಕೂರೋದೇ ಎಡಗಡೆ ಕಣೋ ರುದ್ರ! ಎರಡು ವರ್ಷದಿಂದ ಏನಂದ್ರೂ ಒಂದು ಮಾತು ಎದ್ರಾಡ್ತಿರ್ಲಿಲ್ಲ. ದೇವ್ರು ಒಳ್ಳೆ ಬುದ್ಧಿ ಕೊಟ್ಟವ್ನೆ, ಸಮಾಧಾನ ಬಂದೈತೆ ಅಂದ್ಕಂಡು ನಾನು ಶನಿವಾರ ಒಪ್ಪತ್ತು ಬೇರೆ ಇರ್ತಿದ್ನಲ್ಲೋ!"

ಚೆಲುವಮ್ಮನಿಗೆ ನಗು ತಡೆಯಲಾಗಲಿಲ್ಲ. ಲಿಂಗಪ್ಪ ಪೆನ್ನು ಹುಡುಕುವ ನೆಪದಲ್ಲಿ ಕಿಟಕಿಗೆ ಮುಖ ಮಾಡಿದ. ಕೊನೆಗೆ ಜವರಯ್ಯನೇ, "ಏನಂತಿದ್ದೆ ಅಂಥದ್ದು?" ಎಂದು ಕೇಳಿದಾಗ ಎಲ್ಲರೂ ಊಟಕ್ಕೆ ಎದ್ದರು.

ಮಂಗಳವಾರ ಜವರಯ್ಯ, ರಾಜಲಕ್ಷ್ಮಮ್ಮ, ರುದ್ರಯ್ಯ ಮೂವರೂ ಹಾಸನದ ಕಿವಿ ಡಾಕ್ಟರ ಬಳಿಗೆ ಹೋದರು. ಜೊತೆಗೆ ಬರಬೇಕೆಂದು ಜವರಯ್ಯನೇ ರುದ್ರಯ್ಯನಿಗೆ ಫೋನ್ ಮಾಡಿದ್ದ. ಡಾಕ್ಟರು ಕಿವಿಗೆ ದೀಪ ಬಿಟ್ಟು ನೋಡಿ, ಚಿಮಟ ಹಾಕಿ, ಗಟ್ಟಿಯಾದ ಗುಗ್ಗೆಯ ಉಂಡೆಯೊಂದನ್ನು ಎಳೆದರು. ಅದರ ನಡುವೆ ಹತ್ತಿಯ ಚೂರಿತ್ತು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಕಿವಿ ತಿರುವುವುದು ಜವರಯ್ಯನ ಸಂಜೆಯ ಚಟ. ಯಾವತ್ತೋ ಹತ್ತಿ ಒಳಗೇ ಉಳಿದಿತ್ತು. ಡಾಕ್ಟರು ಅದನ್ನು ತಟ್ಟೆಗೆ ಹಾಕಿದ ಸದ್ದಿಗೆ ಜವರಯ್ಯ ಬೆಚ್ಚಿಬಿದ್ದ.

ವಾಪಸ್ ಬರುವಾಗ ರುದ್ರಯ್ಯ ಜೀಪಿನ ಹಿಂದಿನ ಸೀಟಿನಲ್ಲಿದ್ದ. ಮುಂದೆ ರಾಜಲಕ್ಷ್ಮಮ್ಮ ತುಟಿ ಬಿಗಿದು ಕೂತಿದ್ದಳು. ಹಾಸನ ಬಿಟ್ಟು ನಾಲ್ಕು ಮೈಲಿ ಬಂದರೂ ಮಾತಿಲ್ಲ.

"ಯಾಕೆ, ನಾಲಿಗೆ ಡಾಕ್ಟರ ಹತ್ರ ಬಿಟ್ಬಂದ್ಯಾ?" ಎಂದ ಜವರಯ್ಯ.

"ಇನ್ಮೇಲೆ ಯೋಚ್ನೆ ಮಾಡಿ ಮಾತಾಡ್ಬೇಕಲ್ಲ."

"ಎರಡು ವರ್ಷದ್ದು ಬಾಕಿ ಐತೆ. ಅದ್ನ ಮೊದ್ಲು ಹೇಳು."

ಅವಳು ತಿರುಗಿ ತಮ್ಮನ ಮುಖ ನೋಡಿದಳು. ತಮ್ಮ ಹೇಳು ಎಂದು ತಲೆಯಾಡಿಸಿದ. ಹೇಳಲು ಶುರುಮಾಡಿದಳು. ಹಿಂದಿನ ಸೀಟಿನಲ್ಲಿ ರುದ್ರಯ್ಯ ನಗು ನುಂಗುತ್ತ ಎಲ್ಲ ಕೇಳಿದ. ಆಲೂರು ಬಂದರೂ ಮೊದಲನೆಯ ವರ್ಷದ ಮಳೆಗಾಲವೇ ಮುಗಿದಿರಲಿಲ್ಲ. ಜವರಯ್ಯ ಜೀಪು ನಿಲ್ಲಿಸಿ ಹೋಟೆಲಿನಿಂದ ಮೂರು ಕಾಫಿ ತರಿಸಿ, "ಹೂಂ, ಆಮೇಲೆ?" ಎಂದ.

ಮುಂದಿನ ಭಾನುವಾರ ಅವನು ಮತ್ತೆ ವನಗೂರಿಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತ. ಹೆಲಿಕಾಪ್ಟರ್ ತಲೆಯ ಮೇಲೆ ಹಾಯುವಾಗ ಟವೆಲನ್ನು ತಲೆಗೆ ಹೊದ್ದು ಬಗ್ಗಿದ. ಡಿಸ್ಕ್ ಮುಗಿದ ಮೇಲೆ ಹಿಂದಕ್ಕೆ ತಿರುಗಿ ಗೋಡೆ ನೋಡಿದ.

"ಹಿಂದಿನ ಎಡಗಡೆ ಡಬ್ಬ ಒಂದು ಗೇಣು ಕೆಳಗಾಯ್ತು ಕಣೋ," ಎಂದ.

ಲಿಂಗಪ್ಪ ಪುಸ್ತಕ ತೆಗೆದು, ಹಗ್ಗ ತಂದು, ಎರಡು ಸಲ ಅಳೆದ. ನಿಜವಾಗಿಯೂ ಒಂದು ಗೇಣು ಕೆಳಗಿತ್ತು. ವೈರು ಬಿಚ್ಚಿ ಅದಲು ಬದಲು ಮಾಡಿದ ದಿನ ಆದ ತಪ್ಪಿರಬೇಕು. ರುದ್ರಯ್ಯ ಮಂಡಿ ನೋವು ಮರೆತು ಸ್ಟೂಲ್ ಹತ್ತಿದ. ಜವರಯ್ಯ ಕುರ್ಚಿಯಲ್ಲಿ ಕೂತೇ ಕೈ ಎತ್ತಿ, "ಇನ್ನೊಂಚೂರು, ಇನ್ನೊಂಚೂರು, ಹಾಂ, ಅಲ್ಲೇ," ಎಂದು ದಾರಿ ಹೇಳಿದ. ರುದ್ರಯ್ಯ ಅವನು ಹೇಳಿದಲ್ಲಿ ಮೊಳೆ ಹೊಡೆದ.